ಮೇಲಿನ ಕೆರೆಯ ಏರಿ ಬಿರಿದಿದೆ

ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಟ್ರಸ್ಟ್ ಆಸ್ಪತ್ರೆ, ಅನುದಾನಿತ ಕಾಲೇಜು ಇವುಗಳ ಆಡಳಿತ ಮಂಡಳಿಯಲ್ಲಿ ಕುಳಿತವರು ಈ ಬರಹವನ್ನು ಎಚ್ಚರಿಕೆಯೆಂದೇ ಓದಬೇಕು. ಮುಂದಿನ ಸೈಬರ್ ದಾಳಿ ನಿಮ್ಮ ಸಂಸ್ಥೆಯನ್ನು ನಿಲ್ಲಿಸಿಬಿಡಬಹುದು. ದಾಳಿ ಮಾಡುವವರು ನಿಮ್ಮ ಊರಿನ ಹೆಸರನ್ನೂ ಕೇಳಿರಬೇಕಾಗಿಲ್ಲ. ನಿಮಗೆ ಸಾಫ್ಟ್‌ವೇರ್ ಒದಗಿಸುವ ಕಂಪನಿ, ಆ ಕಂಪನಿಗೆ ಕೆಲಸ ಮಾಡಿಕೊಡುವ ಮತ್ತೊಂದು ಕಂಪನಿ, ಇವರಲ್ಲಿ ಯಾರೋ ಒಬ್ಬರು ಬಾಗಿಲು ಹಾಕುವುದನ್ನು ಮರೆತಿದ್ದರೆ ಸಾಕು. ನಮ್ಮ ದೇಶದಲ್ಲಿ ಇದು ಈಗಾಗಲೇ ಒಮ್ಮೆ ಆಗಿಹೋಗಿದೆ.

2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಎಟಿಎಂನಿಂದ ಹಣ ಬರಲಿಲ್ಲ, ಯುಪಿಐ ನಡೆಯಲಿಲ್ಲ. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಆ ಬ್ಯಾಂಕುಗಳ ಕಂಪ್ಯೂಟರುಗಳಲ್ಲಿ ದೋಷ ಇರಲಿಲ್ಲ. ಅವುಗಳಿಗೆಲ್ಲ ತಂತ್ರಜ್ಞಾನ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ, ಕಡತಗಳನ್ನು ಬೀಗ ಹಾಕಿ ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿತ್ತು. ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಕಂಪನಿ ಅದು. ಸೋಂಕು ಇಡೀ ಪಾವತಿ ಜಾಲಕ್ಕೆ ಹಬ್ಬಬಾರದೆಂದು ರಾಷ್ಟ್ರೀಯ ಪಾವತಿ ನಿಗಮ ಸಿ-ಎಡ್ಜ್‌ನ ಸಂಪರ್ಕವನ್ನೇ ಕತ್ತರಿಸಿತು. ಆ ನಿರ್ಧಾರ ಸರಿಯಾದದ್ದೇ. ಆಗಸ್ಟ್ 1ಕ್ಕೆ ಸಂಪರ್ಕ ಮರಳಿತು. ದೇಶದ ಒಟ್ಟು ಪಾವತಿಯಲ್ಲಿ ಈ ಬ್ಯಾಂಕುಗಳ ಪಾಲು ಅತ್ಯಲ್ಪವಾದ್ದರಿಂದ ಸುದ್ದಿ ಎರಡೇ ದಿನದಲ್ಲಿ ತಣ್ಣಗಾಯಿತು.

ತಣ್ಣಗಾಗಬಾರದಿತ್ತು. ಬೆಂಗಳೂರಿನಲ್ಲಿ ನೆಲೆ ಇರುವ ಕ್ಲೌಡ್‌ಸೆಕ್ ಸಂಸ್ಥೆಯ ಸಂಶೋಧಕರು ದಾಳಿಯ ಜಾಡು ಹಿಡಿದಾಗ ಅದು ಸಿ-ಎಡ್ಜ್‌ನಿಂದಲೂ ಒಂದು ಮೆಟ್ಟಿಲು ಆಚೆಗೆ, ಬ್ರಾಂಟೂ ಟೆಕ್ನಾಲಜಿ ಸೊಲ್ಯೂಷನ್ಸ್ ಎಂಬ ಸಹವರ್ತಿ ಕಂಪನಿಯ ಒಂದು ಜೆಂಕಿನ್ಸ್ ಸರ್ವರ್‌ಗೆ ಹೋಗಿ ಮುಟ್ಟಿತು. ಜೆಂಕಿನ್ಸ್ ಎಂದರೆ ಪ್ರೋಗ್ರಾಮರುಗಳು ಬರೆದ ಕೋಡ್ ಅನ್ನು ಜೋಡಿಸಿ, ಪರೀಕ್ಷಿಸಿ, ಚಾಲ್ತಿಗೆ ಕಳಿಸುವ ಸಾಧನ. ಗ್ರಾಹಕರ ಕಣ್ಣಿಗೆ ಅದು ಎಂದೂ ಬೀಳುವುದಿಲ್ಲ, ಬ್ಯಾಂಕಿನ ಮ್ಯಾನೇಜರ್ ಅದರ ಹೆಸರೂ ಕೇಳಿರುವುದಿಲ್ಲ. ಆ ಸಾಧನದಲ್ಲಿ ಒಂದು ತೂತು ಇದೆಯೆಂದು 2024ರ ಜನವರಿಯಲ್ಲೇ ಜಗತ್ತಿಗೆ ಗೊತ್ತಾಗಿತ್ತು, ಮುಚ್ಚುವ ಪ್ಯಾಚ್ ಕೂಡ ಅದೇ ತಿಂಗಳು ಪುಕ್ಕಟೆಯಾಗಿ ಬಂದಿತ್ತು. ಸಂಶೋಧಕರ ಪ್ರಕಾರ ದಾಳಿಕೋರರು ಒಳಹೊಕ್ಕದ್ದು ಅದೇ ತೂತಿನಿಂದ. ಪ್ಯಾಚ್ ಬಂದದ್ದು ಜನವರಿಯಲ್ಲಿ, ಎಟಿಎಂ ನಿಂತದ್ದು ಜುಲೈ ಕೊನೆಯಲ್ಲಿ. ನಡುವೆ ಆರು ತಿಂಗಳು. ಮುನ್ನೂರು ಬ್ಯಾಂಕುಗಳ ಪೈಕಿ ಒಂದಕ್ಕೂ ಆ ತೂತನ್ನು ತಾನಾಗಿ ನೋಡುವ, ಮುಚ್ಚುವ ಅವಕಾಶವಿರಲಿಲ್ಲ ಎಂಬುದೇ ಈ ಪ್ರಕರಣದ ಭಯಾನಕ ಭಾಗ.

ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಣಿ ಕೆರೆಗಳ ಸಾಲಿನಲ್ಲಿ ಮೇಲಿನ ಕೆರೆ ಒಡೆದರೆ ಕೆಳಗಿನ ಊರಿನವರು ತಮ್ಮ ಏರಿಯನ್ನು ಎಷ್ಟು ಭದ್ರಪಡಿಸಿದ್ದರೂ ನೀರು ನುಗ್ಗಿಯೇ ನುಗ್ಗುತ್ತದೆ. ಅದಕ್ಕೇ ಹಿಂದಿನವರು ಮೇಲಿನ ಕೆರೆಯ ಏರಿ ಹೇಗಿದೆಯೆಂದು ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ ಬರುತ್ತಿದ್ದರು.

ನಮ್ಮ ಸಹಕಾರ ರಂಗ ಈಗ ಅಂಥದೇ ಸಾಲಿನಲ್ಲಿ ಕೂರುತ್ತಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಇಂಥ ಸಂಘಗಳ ಲೆಕ್ಕ ಊರಿನ ಕಪಾಟಿನಲ್ಲಿ, ಖಾತೆ ಪುಸ್ತಕದಲ್ಲಿ ಇರುತ್ತಿತ್ತು. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮೂಲಕ ಎಲ್ಲ ಸಂಘಗಳೂ ಒಂದೇ ಸಾಫ್ಟ್‌ವೇರ್‌ಗೆ ಬರುವುದು ಅದರ ಗುರಿ. ನಾವು ಈ ಯೋಜನೆಯ ವಿರೋಧಿಗಳಲ್ಲ. ಕಾರ್ಯದರ್ಶಿಯೊಬ್ಬನ ಕೈಯಲ್ಲಿದ್ದ ಖಾತೆ ಪುಸ್ತಕ ತಿದ್ದಿ ರೈತರ ಹೆಸರಲ್ಲಿ ಸುಳ್ಳು ಸಾಲ ಬರೆದ ಕಥೆಗಳು ಪ್ರತಿ ಜಿಲ್ಲೆಯಲ್ಲೂ ಇವೆ, ಗಣಕೀಕರಣ ಅದಕ್ಕೆ ಮದ್ದು. ಆದರೆ ಸಾವಿರಾರು ಸಂಘಗಳು ಒಂದೇ ಸಾಫ್ಟ್‌ವೇರ್ ಹಿಡಿದ ಮೇಲೆ ಒಂದು ತೂತು ಸಾವಿರಾರು ಸಂಘಗಳ ತೂತಾಗುತ್ತದೆ. ಮುಂಗಾರು ಬಿತ್ತನೆಯ ವೇಳೆ ಬಡ್ಡಿರಹಿತ ಬೆಳೆ ಸಾಲಕ್ಕೆ ರೈತರು ಸಾಲುಗಟ್ಟಿ ನಿಂತಿರುವ ವಾರದಲ್ಲಿ ಪರದೆ ಕಪ್ಪಾದರೆ ಏನು ಮಾಡುವುದೆಂಬ ಲಿಖಿತ ಯೋಜನೆ ನಿಮ್ಮ ಸಂಘದಲ್ಲಿ ಇದೆಯೇ?

"ನಮ್ಮಂಥ ಚಿಕ್ಕವರ ಹತ್ತಿರ ಕದಿಯೋಕೆ ಏನಿದೆ?" ಎಂಬ ಮಾತು ಆಡಳಿತ ಮಂಡಳಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದೆ. ಸದಸ್ಯರ ಆಧಾರ್ ಪ್ರತಿ, ಪ್ಯಾನ್, ಪಹಣಿ, ಸಹಿ, ಫೋಟೊ, ಮೊಬೈಲ್ ಸಂಖ್ಯೆ, ಹೆಬ್ಬೆರಳಿನ ಗುರುತು ಎಲ್ಲವೂ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಇನ್ನೊಂದು ಸಂಗತಿಯನ್ನು ಠೇವಣಿದಾರರು ಅರಿತಿರಬೇಕು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯ. ಪ್ರಾಥಮಿಕ ಪತ್ತಿನ ಸಂಘದಲ್ಲಿ ಇಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ. ಅಂದರೆ ಬೀಳುವಾಗ ಹಿಡಿಯುವ ಬಲೆ ಯಾರಿಗೆ ಇಲ್ಲವೋ ಅವರೇ ಅತ್ಯಂತ ದುರ್ಬಲ ಬಾಗಿಲಿನ ಹಿಂದೆ ಇದ್ದಾರೆ.

ಹಣ ಹೋಗದೆಯೂ ಸಂಸ್ಥೆ ಸಾಯಬಹುದು. ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್‌ನಲ್ಲಿ ಕೆಎನ್‌ಪಿ ಎಂಬ 158 ವರ್ಷ ಹಳೆಯ ಸಾಗಣೆ ಕಂಪನಿ ಇತ್ತು. 2023ರಲ್ಲಿ ಒಬ್ಬ ನೌಕರನ ಸುಲಭದ ಪಾಸ್‌ವರ್ಡ್ ಅನ್ನು ಊಹಿಸಿ ಒಳಬಂದರೆಂದು ನಂಬಲಾದ ಗುಂಪೊಂದು ಎಲ್ಲ ಕಡತಗಳಿಗೂ ಬೀಗ ಜಡಿಯಿತು. ಲಾರಿಗಳು ಇದ್ದವು, ಚಾಲಕರು ಇದ್ದರು, ಗಿರಾಕಿಗಳೂ ಇದ್ದರು, ಲೆಕ್ಕ ಮಾತ್ರ ಇರಲಿಲ್ಲ. ಕಂಪನಿ ಮುಚ್ಚಿತು. ಸುಮಾರು 700 ಮಂದಿ ಕೆಲಸ ಕಳೆದುಕೊಂಡರು.

ಈ ಗುಂಪುಗಳು ಬರುವ ಹೊತ್ತಿಗೂ ಒಂದು ಲೆಕ್ಕವಿದೆ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋದದ್ದು 2018ರ ಆಗಸ್ಟ್ 11 ಮತ್ತು 13ರಂದು. ಆಗಸ್ಟ್ 11 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಎಟಿಎಂ ಕೋರಿಕೆಗಳಿಗೆ ಹೌದು ಅಥವಾ ಇಲ್ಲ ಎನ್ನುವ ಸ್ವಿಚ್ ಎಂಬ ವ್ಯವಸ್ಥೆ ಬ್ಯಾಂಕಿನಲ್ಲಿರುತ್ತದೆ. ಕಳ್ಳರು ಅದರ ಜಾಗದಲ್ಲಿ ತಮ್ಮದೇ ನಕಲಿ ಸ್ವಿಚ್ ಕೂರಿಸಿದರು. ಅದು ಕೇಳಿದ್ದಕ್ಕೆಲ್ಲ ಹೌದು ಎಂದಿತು. ನಕಲಿ ಕಾರ್ಡ್ ಹಿಡಿದವರು 28 ದೇಶಗಳ ಎಟಿಎಂಗಳಲ್ಲಿ ಕೆಲವೇ ತಾಸುಗಳಲ್ಲಿ 78 ಕೋಟಿ ಎತ್ತಿಕೊಂಡರು. ಎರಡು ದಿನ ಬಿಟ್ಟು, ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ 13.92 ಕೋಟಿ ಹಾಂಗ್‌ಕಾಂಗ್‌ನ ಖಾತೆಗೆ ಹೋಯಿತು. ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿಯೆಂದರೆ, ಇಂಥ ಎಟಿಎಂ ಲೂಟಿ ಬರುತ್ತಿದೆಯೆಂದು ಅಮೆರಿಕದ ಎಫ್‌ಬಿಐ ಬ್ಯಾಂಕುಗಳಿಗೆ ಗೌಪ್ಯ ಎಚ್ಚರಿಕೆ ಕಳಿಸಿದ್ದು ಅದರ ಹಿಂದಿನ ದಿನವೇ, ಆಗಸ್ಟ್ 10ರ ಶುಕ್ರವಾರ.

2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ 81 ಮಿಲಿಯನ್ ಡಾಲರ್ ಫಿಲಿಪೀನ್ಸ್‌ಗೆ ಜಾರಿದ್ದೂ ಹೀಗೇ: ಢಾಕಾಕ್ಕೆ ಶುಕ್ರವಾರ ಶನಿವಾರ ವಾರದ ರಜೆ, ನ್ಯೂಯಾರ್ಕಿಗೆ ಶನಿವಾರ ಭಾನುವಾರ, ಮನಿಲಾಕ್ಕೆ ಸೋಮವಾರ ಚೀನೀ ಹೊಸ ವರ್ಷದ ರಜೆ. 2021ರ ಜುಲೈ 2ರಂದು, ಅಮೆರಿಕನ್ನರು ಸ್ವಾತಂತ್ರ್ಯ ದಿನದ ರಜೆಗೆ ಹೊರಟ ಶುಕ್ರವಾರ, ಕಸೇಯಾ ಎಂಬ ಕಂಪನಿಯ ಸಾಫ್ಟ್‌ವೇರ್ ಹಿಡಿದು ರ‍್ಯಾನ್ಸಮ್‌ವೇರ್ ಹರಡಿತು. ಸುಮಾರು 1,500 ಸಂಸ್ಥೆಗಳಿಗೆ ಪೆಟ್ಟು ಬಿತ್ತು. ಸ್ವೀಡನ್ನಿನ ಗ್ರಾಹಕ ಸಹಕಾರಿ ಕೂಪ್ ತನ್ನ ಸುಮಾರು 800 ಅಂಗಡಿಗಳಲ್ಲಿ ಬಹುಪಾಲನ್ನು ಮುಚ್ಚಬೇಕಾಯಿತು. ಕೂಪ್‌ನವರು ಕಸೇಯಾದ ನೇರ ಗಿರಾಕಿಗಳೂ ಅಲ್ಲ. ಅವರ ಬಿಲ್ಲಿಂಗ್ ಯಂತ್ರ ನೋಡಿಕೊಳ್ಳುತ್ತಿದ್ದ ಕಂಪನಿ ಅದನ್ನು ಬಳಸುತ್ತಿತ್ತು. ದಸರಾ, ದೀಪಾವಳಿ, ಎರಡನೇ ಮತ್ತು ನಾಲ್ಕನೇ ಶನಿವಾರಗಳಲ್ಲಿ ನಿಮ್ಮ ಸರ್ವರ್ ಕಡೆ ಕಣ್ಣಿಟ್ಟಿರುವವರು ಯಾರು ಎಂಬುದನ್ನು ಇಂದೇ ಒಬ್ಬರ ಹೆಸರು ಬರೆದು ತೀರ್ಮಾನಿಸಿ.

ಹೊಸದಾಗಿ ಎದ್ದಿರುವ ಅಪಾಯ ಭಾಷೆಯದು. ಇಲ್ಲಿಯವರೆಗೆ ಮೋಸದ ಸಂದೇಶವನ್ನು ಅದರ ಹರುಕು ಕನ್ನಡದಿಂದಲೇ ಹಿಡಿಯಬಹುದಿತ್ತು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಸಹಾಯಕ ನಿಬಂಧಕರ ಕಚೇರಿಯ ಸುತ್ತೋಲೆಯ ಧಾಟಿಯಲ್ಲೇ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗುವ ತಪ್ಪಿಲ್ಲದ ಪತ್ರ ಬರೆದುಕೊಡುತ್ತವೆ. ದನಿಯನ್ನೂ ನಕಲು ಮಾಡುತ್ತವೆ. 2024ರ ಆರಂಭದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ತಮ್ಮ ಮೇಲಧಿಕಾರಿ ಮತ್ತು ಸಹೋದ್ಯೋಗಿಗಳನ್ನು ಕಂಡು, ಅವರ ಮಾತಿನಂತೆ 15 ಕಂತುಗಳಲ್ಲಿ 200 ಮಿಲಿಯನ್ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಆ ಸಭೆಯಲ್ಲಿದ್ದ ನಿಜವಾದ ಮನುಷ್ಯರು ಅವರೊಬ್ಬರೇ. ನಾಳೆ ಅಧ್ಯಕ್ಷರ ದನಿಯಲ್ಲೇ ಫೋನ್ ಬಂದು "ಅರ್ಜೆಂಟು, ಆರ್‌ಟಿಜಿಎಸ್ ಮಾಡ್ಬಿಡಪ್ಪ, ಕಾಗದ ಆಮೇಲೆ ಕಳಿಸ್ತೀನಿ" ಎಂದರೆ ನಿಮ್ಮ ಮ್ಯಾನೇಜರ್ ಇಲ್ಲ ಎನ್ನುವ ಸ್ಥಿತಿಯಲ್ಲಿದ್ದಾರೆಯೇ? ಇಲ್ಲಿ ಯಂತ್ರಕ್ಕಿಂತ ಅಂಜಿಕೆ ದೊಡ್ಡ ಸಮಸ್ಯೆ. ಫೋನ್ ಇಟ್ಟು, ತನ್ನಲ್ಲಿರುವ ಹಳೆಯ ನಂಬರಿಗೆ ತಿರುಗಿ ಕರೆ ಮಾಡಿ ಕೇಳಿದ ನೌಕರನಿಗೆ ಬೈಗುಳ ಬೀಳುವುದಿಲ್ಲವೆಂದು ಅಧ್ಯಕ್ಷರೇ ಬರೆದು ಸಹಿ ಹಾಕಬೇಕು. ಹಾಗೆ ಬರೆದುಕೊಟ್ಟ ಕಾಗದ ದುಬಾರಿ ಫೈರ್‌ವಾಲ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನೌಕರರ ಫೋನು, ಲ್ಯಾಪ್‌ಟಾಪ್ ಕೂಡ ಬಾಗಿಲುಗಳೇ. ಸಂಚಾರ ದಂಡದ ಚಲನ್, ಪಿಎಂ ಕಿಸಾನ್, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತ ತೆರೆದರೆ ಒಟಿಪಿಗಳೆಲ್ಲ ಬೇರೆಯವರ ಕೈಗೆ ಹೋಗುತ್ತವೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿ ಸುಮಾರು 44 ಮಿಲಿಯನ್ ಡಾಲರ್ ಕಳೆದುಕೊಂಡಿತು. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ನೌಕರನೊಬ್ಬ ಹೊರಗಿನವರ ಅರೆಕಾಲಿಕ ಕೆಲಸ ಮಾಡಿದ್ದರಿಂದ ಕಳ್ಳರಿಗೆ ದಾರಿ ಸಿಕ್ಕಿತೆಂಬುದು ಬೆಂಗಳೂರು ಪೊಲೀಸರ ತನಿಖೆಯಲ್ಲಿ ಬಂದ ಮಾತು.

ಇನ್ನು ರಕ್ಷಣೆ. ಒಂದೇ ಒಂದು ಕೆಲಸಕ್ಕೆ ಹಣವಿದೆ ಎನ್ನುವ ಸಂಸ್ಥೆಗೆ ನಾವು ಹೇಳುವುದು ಬ್ಯಾಕಪ್. ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ದಾಳಿಯಾದಾಗ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವೂ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ಸೋಂಕು ತಗುಲದ ಒಂದು ಬ್ಯಾಕಪ್ ಸರ್ವರ್ ಉಳಿದಿದ್ದರಿಂದ ರೋಗಿಗಳ ದಾಖಲೆ ವಾಪಸು ಬಂತು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದು ದಾಳಿಗೆ ಕಾರಣವೆಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಅದಕ್ಕೂ ಮುಂಚೆ, 2017ರಲ್ಲಿ ನಾಟ್‌ಪೆಟ್ಯಾ ದಾಳಿಗೆ ಸಿಕ್ಕ ಹಡಗು ಕಂಪನಿ ಮೇಸ್ಕ್‌ನ ಜಗತ್ತಿನಾದ್ಯಂತ ಹರಡಿದ್ದ ಜಾಲಕ್ಕೆ ಅಡಿಪಾಯವಾದ ಸರ್ವರ್‌ಗಳೆಲ್ಲ ಅಳಿಸಿಹೋಗಿ, ಘಾನಾ ದೇಶದ ಕಚೇರಿಯದೊಂದು ಮಾತ್ರ ಉಳಿಯಿತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದೇ ಕಾರಣ. ಅಷ್ಟು ದೊಡ್ಡ ಕಂಪನಿ ಆ ಒಂದು ಪ್ರತಿಯಿಂದ ಮರಳಿ ಎದ್ದಿತು.

ನಮ್ಮ ಸಂಸ್ಥೆಗಳಲ್ಲಿ ಬ್ಯಾಕಪ್ ಇಲ್ಲವೆನ್ನುವಂತಿಲ್ಲ. ಅದೇ ಸರ್ವರ್‌ಗೆ ಚುಚ್ಚಿಟ್ಟ ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ಒಳಬಂದ ಕಳ್ಳ ಮೊದಲು ಹುಡುಕುವುದೇ ಅದನ್ನು, ಬೀಗ ಹಾಕುವ ಮುಂಚೆ ಅಳಿಸುವುದೂ ಅದನ್ನೇ. ಒಂದು ಪ್ರತಿ ತಂತಿ ಕಳಚಿ, ಬೇರೆ ಕಟ್ಟಡದಲ್ಲಿ, ಲಾಕರಿನಲ್ಲಿ ಇರಬೇಕು. ಇಟ್ಟರೆ ಸಾಲದು, ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿಗೆ ಹಾಕಿ, ನಿನ್ನೆಯ ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಬೇಕು. ಮರಳಿ ಹಾಕಿ ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ಲೆಕ್ಕ ಪರಿಶೋಧಕರು ಒಪ್ಪಲೇಬಾರದು.

ಕೀಲಿಗಳ ಮಾತು ಇನ್ನೂ ಇರಿಸುಮುರಿಸಿನದು. ಗುಮಾಸ್ತ ದಾಖಲಿಸಿದ್ದನ್ನು ಅಧಿಕಾರಿ ಪಾಸ್ ಮಾಡಬೇಕೆಂಬ ನಿಯಮ ಎಲ್ಲ ಕಡೆ ಇದೆ. ಅಧಿಕಾರಿ ರಜೆ ಹೋಗುವಾಗ ತಮ್ಮ ಐಡಿ, ಪಾಸ್‌ವರ್ಡ್ ಅದೇ ಗುಮಾಸ್ತನಿಗೆ ಹೇಳಿ ಹೋಗುವ ವಾಡಿಕೆಯೂ ಇದೆ. ಸಾಫ್ಟ್‌ವೇರ್ ರಿಪೇರಿಗೆ ದೂರದಿಂದಲೇ ಬರುವ ಹುಡುಗರ ಅನುಕೂಲಕ್ಕೆ ಎನಿಡೆಸ್ಕ್ ಎಂಬ ದೂರನಿಯಂತ್ರಣ ಸಾಧನ ಹಗಲೂ ರಾತ್ರಿ ತೆರೆದಿರುತ್ತದೆ, ಅದರ ಪಾಸ್‌ವರ್ಡ್ ವರ್ಷಗಳಿಂದ ಬದಲಾಗಿರುವುದಿಲ್ಲ, ಆ ಹುಡುಗ ಕಂಪನಿ ಬಿಟ್ಟಿದ್ದರೂ ಕೂಡ. ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಕಂಪನಿಗೆ 2024ರ ಫೆಬ್ರುವರಿಯಲ್ಲಿ ದಾಳಿಕೋರರು ಹೊಕ್ಕದ್ದು ಇಂಥದೇ ದೂರಸಂಪರ್ಕದ ಒಂದು ಬಾಗಿಲಿನಿಂದ. ಕದ್ದ ಪಾಸ್‌ವರ್ಡ್ ಸಾಕಾಯಿತು, ಎರಡನೇ ದೃಢೀಕರಣ ಅಲ್ಲಿ ಇರಲಿಲ್ಲ. ಕಂಪನಿ 22 ಮಿಲಿಯನ್ ಡಾಲರ್ ಒತ್ತೆಹಣ ಕೊಟ್ಟಿತು. ಕೊಟ್ಟ ಮೇಲೂ ಮಾಹಿತಿ ಇನ್ನೊಂದು ಗುಂಪಿನ ಕೈಯಲ್ಲಿ ಉಳಿದು, ಮತ್ತೆ ಬೆದರಿಕೆ ಬಂತು. ಹಣ ಕೊಟ್ಟು ಮುಗಿಸೋಣ ಎನ್ನುವ ನಿರ್ದೇಶಕರು ಈ ಪ್ರಕರಣವನ್ನು ಪೂರ್ತಿ ಓದಿಕೊಳ್ಳಲಿ. ಹೊರಗಿನಿಂದ ಒಳಬರುವ ಪ್ರತಿಯೊಂದು ದಾರಿಗೂ ಎರಡನೇ ದೃಢೀಕರಣ ಇರಲಿ, ವೆಂಡರ್‌ಗೆ ಬೇಕಾದಾಗ ತೆರೆದು ಕೆಲಸ ಮುಗಿದೊಡನೆ ಮುಚ್ಚಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕೌಂಟರಿನಲ್ಲಿ ಇನ್ನೂ ಅದೇ ಓಡುತ್ತಿದ್ದರೆ ಬದಲಿಸಿ.

ವೆಂಡರ್ ಜತೆಗಿನ ಕರಾರು ಪತ್ರವನ್ನು ತೆಗೆದು ಓದಿ. ಬಹುಪಾಲು ಕರಾರುಗಳಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕದ ಬಗ್ಗೆ ನಾಲ್ಕು ಪುಟ ಇದ್ದರೆ ದಾಳಿಯಾದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಮ್ಮ ಮಾಹಿತಿ ಯಾರ ಸರ್ವರ್‌ನಲ್ಲಿದೆ, ನಿಮ್ಮ ಕೆಲಸವನ್ನು ಇನ್ಯಾರಿಗೆ ಹಂಚಿದ್ದೀರಿ, ತೂತಿನ ಸುದ್ದಿ ಬಂದ ಎಷ್ಟು ದಿನಕ್ಕೆ ಪ್ಯಾಚ್ ಹಾಕುತ್ತೀರಿ ಎಂದು ಲಿಖಿತವಾಗಿ ಕೇಳಿ. ಚಿಕ್ಕ ಸಂಘವೊಂದು ಕೇಳಿದರೆ ವೆಂಡರ್ ಉತ್ತರಿಸದಿರಬಹುದು. ಅದಕ್ಕಾಗಿಯೇ ಒಕ್ಕೂಟಗಳಿವೆ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು, ಅಪೆಕ್ಸ್ ಬ್ಯಾಂಕು, ಸೌಹಾರ್ದ ಸಂಯುಕ್ತ ಸಹಕಾರಿ ಒಟ್ಟಾಗಿ ಕೇಳಿದರೆ ಉತ್ತರಿಸದೆ ವೆಂಡರ್‌ಗೆ ವ್ಯಾಪಾರವಿಲ್ಲ. ಪ್ರತಿ ಸಂಘವೂ ಒಬ್ಬೊಬ್ಬ ಸೈಬರ್ ಪರಿಣತನನ್ನು ನೇಮಿಸಿಕೊಳ್ಳಲಾಗದು. ಜಿಲ್ಲೆಗೊಂದು ಹಂಚಿಕೆಯ ತಂಡವನ್ನು ಕಟ್ಟುವುದು ಸಾಧ್ಯ. ರಾಜ್ಯ ಸರ್ಕಾರ ಇದನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಒತ್ತಾಯ.

ದಾಳಿಯಾದ ಮೊದಲ ಗಂಟೆಯಲ್ಲಿ ಆಗುವ ತಪ್ಪು ಒಂದೇ ಬಗೆಯದು. ಊರಿನ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿ ಫಾರ್ಮ್ಯಾಟ್ ಮಾಡಿಸುತ್ತಾರೆ, ಸಾಕ್ಷ್ಯವೆಲ್ಲ ಅದರೊಂದಿಗೆ ಹೋಗುತ್ತದೆ. ಮಾಡಬೇಕಾದ್ದು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ನಿಲ್ಲಿಸಿ, ಯಂತ್ರವನ್ನು ಹಾಗೇ ಬಿಡುವುದು. ಪರದೆಯ ಫೋಟೊ ತೆಗೆದುಕೊಳ್ಳುವುದು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು. ಕೇಂದ್ರದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು ಕಾದಿಟ್ಟಿರಬೇಕು. ಮಾನ ಹೋಗುತ್ತದೆಂದು ಮುಚ್ಚಿಡುವ ಕಾಲ ಮುಗಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಡಿ ತಕ್ಕ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಚ್ಚಿಟ್ಟರೆ ಇನ್ನೊಂದು ನಷ್ಟವೂ ಇದೆ: ಅದೇ ಸಾಫ್ಟ್‌ವೇರ್ ಬಳಸುವ ಪಕ್ಕದ ತಾಲ್ಲೂಕಿನ ಸಂಘಕ್ಕೆ ಮರುದಿನ ಅದೇ ಪೆಟ್ಟು ಬೀಳುತ್ತದೆ.

ಸದಸ್ಯರಿಗೂ ಒಂದು ಕೆಲಸವಿದೆ. ಸೆಪ್ಟೆಂಬರ್‌ನಲ್ಲಿ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಡಿವಿಡೆಂಡ್ ಎಷ್ಟು ಎಂದು ಕೇಳುವಾಗ ಇವನ್ನೂ ಕೇಳಿ: ಕಳೆದ ಬಾರಿ ಬ್ಯಾಕಪ್ ಮರಳಿ ಹಾಕಿ ನೋಡಿದ್ದು ಯಾವ ತಾರೀಖು, ನೋಡಿದವರು ಯಾರು? ವೆಂಡರ್‌ಗೆ ಒಳಬರುವ ಕೀಲಿ ಯಾರ ಕೈಯಲ್ಲಿದೆ? ಪರದೆ ಮೂರು ದಿನ ಕಪ್ಪಾದರೆ ಬೆಳೆ ಸಾಲ ಹೇಗೆ ಕೊಡುತ್ತೀರಿ? ಉತ್ತರ ಸಿಗದಿದ್ದರೆ, ಉತ್ತರ ಸಿಗಲಿಲ್ಲ ಎಂಬುದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಠರಾವು ಮಾಡಿಸಿ.